ಪೂಜೆಯ ಹೊತ್ತಿಗೆ ನಿಲ್ಲುವ ಪಂಪು

ನನ್ನ ಕೆಲಸಕ್ಕೆ ಕನ್ನಡದಲ್ಲಿ ಅರಿವಳಿಕೆ ತಜ್ಞೆ ಎಂಬ ಗಂಭೀರವಾದ ಹೆಸರಿದೆ. ಸಂಭಾಜಿನಗರದಲ್ಲಿ ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲ. ಇಲ್ಲಿ ನಾನು ಭೂಲ್ ಡಾಕ್ಟರು. ಆಪರೇಷನ್ನಿಗೆ ಮುಂಚೆ ಕೊಡುವ ಮಂಪರಿಗೆ ಮರಾಠಿಯಲ್ಲಿ ಭೂಲ್ ಅನ್ನುತ್ತಾರೆ. ರೋಗಿ ಗುಣವಾಗಿ ಮನೆಗೆ ಹೋಗುವಾಗ ಪೇಡೆ, ಶಾಲು, ನಮಸ್ಕಾರ ಎಲ್ಲ ಸರ್ಜನ್ನರಿಗೆ. ಕೊಯ್ಯುವಾಗ ನೋಯದಂತೆ ತಲೆಯ ಹತ್ತಿರ ಕೂತಿದ್ದವಳ ಮುಖ ಯಾರಿಗೂ ನೆನಪಿರುವುದಿಲ್ಲ. ನೆನಪಿರಬಾರದು ಅನ್ನುವುದೇ ನನ್ನ ಕಸುಬು, ಅದು ಗೊತ್ತಿದೆ. ಆದರೂ ಒಂಚೂರು ಸಿಟ್ಟು ಮೊದಲಿನಿಂದಲೂ ಉಳಿದುಕೊಂಡಿದೆ.

ಆಪರೇಷನ್ ಆದ ಮೇಲಿನ ನೋವಿಗೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಎಪಿಡ್ಯೂರಲ್. ಬೆನ್ನುಮೂಳೆಗಳ ಸಂದಿಯಲ್ಲಿ ದಾರದಷ್ಟು ಸಣ್ಣ ನಳಿಕೆ ಕೂರಿಸಿ, ಅದಕ್ಕೆ ಪಂಪು ಜೋಡಿಸಿ, ಔಷಧವನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಹೋಗುವುದು. ಯಾವ ಔಷಧ, ಯಾವುದರ ಜೊತೆ, ಎಷ್ಟು ಅನ್ನುವುದರ ಮೇಲೆ ನಮ್ಮವರಲ್ಲಿ ಮುಗಿಯದ ಜಗಳವಿದೆ. ಮರಗಟ್ಟಿಸುವ ಔಷಧವನ್ನೇ ಒಂಟಿಯಾಗಿ ಕೊಟ್ಟರೆ ನೋವು ನಿಲ್ಲಲು ಹೆಚ್ಚು ಬೇಕಾಗುತ್ತದೆ. ಆಗ ಕಾಲು ಸೋಲುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಅಫೀಮಿನ ಬಳಗದ ಫೆಂಟಾನಿಲ್ ಒಂದನ್ನೇ ಹೆಚ್ಚಿಸಿದರೆ ಮೈ ತುರಿಕೆ, ವಾಕರಿಕೆ, ತೂಕಡಿಕೆ, ಮಿತಿ ಮೀರಿದರೆ ಉಸಿರೇ ನಿಧಾನ. ಎರಡನ್ನೂ ಸೇರಿಸಿದರೆ ಎರಡೂ ಕಡಿಮೆ ಸಾಕು. ಒಬ್ಬನೇ ಹಮಾಲ ಹೊತ್ತರೆ ಸೊಂಟ ಮುರಿಯುವ ಮೂಟೆಯನ್ನು ಇಬ್ಬರು ಎರಡು ತುದಿ ಹಿಡಿದು ಆರಾಮಾಗಿ ಎತ್ತಿದ ಹಾಗೆ.

ಈ ಮೂಟೆಯ ಮಾತು ನನ್ನದಲ್ಲ, ನಾಸಿಕದ ನನ್ನ ಕಾಕಾನ ಅಂಗಡಿಯದು. ಕಾಕಾ ಅಂದರೆ ಅಪ್ಪನ ತಮ್ಮ. ಬೀದರ್ ಜಿಲ್ಲೆಯ ಹಳ್ಳಿಯಿಂದ ನಾಸಿಕಕ್ಕೆ ಬಂದು ತೊಗರಿಬೇಳೆ, ಬೆಲ್ಲದ ವ್ಯಾಪಾರ ಹಿಡಿದವರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಓದಿಸಿ, ಡಾಕ್ಟರು ಮಾಡಿದವರೂ ಅವರೇ. ಅಂಗಡಿಯಲ್ಲಿ ಅವರದು ಮಾತು ಕಡಿಮೆ. ತೂಕ ಸರಿಹೋದ ಮೇಲೆ ಹಮಾಲನ ಕಡೆ ಗದ್ದ ಎತ್ತಿದರೆ ‘ಸರಿಯಿದೆ, ಹಾಕು’ ಎಂದು ಅರ್ಥ. ಇನ್ನೊಂದು ಅಭ್ಯಾಸ, ಏನಾದರೂ ಕೇಳಿ ಬಂದವರಿಗೆ ಅವರ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರುತ್ತಲೇ ಇರಲಿಲ್ಲ. ಮಾಲು ಖಾಲಿಯಾಗಿದ್ದರೂ ಗಿರಾಕಿಗೆ ‘ಇಲ್ಲ’ ಅನ್ನಬಾರದು, ಅಂಗಡಿಗೆ ಕೇಡು. ‘ನಾಳೆ ಬರ್ತದರಿ’ ಅನ್ನಬೇಕು. ಮನೆಯಲ್ಲೂ ಹಾಗೇ. ಯಾರಿಗೂ ಒಲ್ಲೆ ಅನ್ನದೆ, ತಮಗೆ ಸರಿಕಂಡದ್ದನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತಿದ್ದರು.

ನಾನು ಕೆಲಸ ಕಲಿತದ್ದು ನಾಸಿಕದಲ್ಲೇ. ಅಲ್ಲಿ ನನ್ನ ಹಿರಿಯರು ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧದ ಜೊತೆ ಫೆಂಟಾನಿಲ್ ಬೆರೆಸುತ್ತಿದ್ದರು. ಚಾಂದವಡದ ಈರುಳ್ಳಿ ಬೆಳೆಗಾರರು ಹೊಟ್ಟೆ ಕೊಯ್ಸಿಕೊಂಡ ಮಾರನೆಯ ದಿನ ಹಾಸಿಗೆಯಲ್ಲಿ ಕೂತು ಫೋನಿನಲ್ಲಿ ಮಾರ್ಕೆಟ್ಟಿನ ರೇಟು ಕೇಳುವುದನ್ನು ಅಲ್ಲಿ ನೋಡಿದ್ದೇನೆ. ಮದುವೆಯಾಗಿ ಸಂಭಾಜಿನಗರಕ್ಕೆ ಬಂದ ಮೇಲೆ ಇಲ್ಲಿನ ಆಸ್ಪತ್ರೆಯಲ್ಲಿ ಅದೇ ಜಾತಿಯ, ಹೊಸದಾದ ರೋಪಿವಕೇನ್ ಹಿಡಿದೆವು, ಅದರ ಜೊತೆಗೂ ಫೆಂಟಾನಿಲ್ಲೇ. ಕಾಲು ಕಡಿಮೆ ಸೋಲುತ್ತದೆ, ರೋಗಿ ಬೇಗ ಎದ್ದು ಓಡಾಡುತ್ತಾನೆ. ಅದು ಮೇಲೋ ಇದು ಮೇಲೋ ಎಂದು ಮನಸ್ಸಿನಲ್ಲೇ ಹೋಲಿಸಿ ನೋಡುವ ಚಟ ನನಗೆ. ಇಬ್ಬರು ಸೊಸೆಯರ ಅಡುಗೆ ತೂಗಿ ನೋಡುವ ಅತ್ತೆ ನೀನು ಎಂದು ಗಂಡ ಹಾಸ್ಯ ಮಾಡುತ್ತಾನೆ.

ಕಾಕಾನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ನಾಸಿಕದಲ್ಲೇ ಆಪರೇಷನ್ ಮಾಡಬಹುದಿತ್ತು. ಅವರು ಮಾತ್ರ ಮಗಳು ಇರುವ ಊರಿಗೇ ಹೋಗುತ್ತೇನೆ ಎಂದರು. ನನ್ನನ್ನು ಅವರು ಮಗಳು ಎಂದೇ ಹೇಳುತ್ತಿದ್ದದ್ದು. ಹೆಂಡತಿಯನ್ನು, ಅಂದರೆ ನನ್ನ ಕಾಕುವನ್ನು ಕರೆದುಕೊಂಡು, ಒಂದು ಕೈಚೀಲದಲ್ಲಿ ವಿಭೂತಿಗಟ್ಟಿ, ಮಡಿ ಪಂಚೆ, ಸಣ್ಣ ತಂಬಿಗೆ ಇಟ್ಟುಕೊಂಡು ಬಂದರು.

ನಮ್ಮ ಮನೆತನದಲ್ಲಿ ಕೊರಳಲ್ಲಿ ಲಿಂಗ ಇರುತ್ತದೆ. ಬೆಳಗ್ಗೆ ಮೈ ತೊಳೆದು, ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ನಾನು ಇದನ್ನೆಲ್ಲ ಹಾಸ್ಟೆಲ್ಲಿನಲ್ಲೇ ಬಿಟ್ಟವಳು. ಕಾಕಾ ಜ್ವರದಲ್ಲೂ, ರೈಲಿನಲ್ಲೂ ಬಿಟ್ಟವರಲ್ಲ. ಆಪರೇಷನ್ ಹಿಂದಿನ ದಿನ ನಳಿಕೆ, ಪಂಪು ಎಲ್ಲ ವಿವರಿಸುತ್ತಿದ್ದಾಗ ಅವರು ಕೇಳಿದರು.

“ಆ ಔಷಧದಾಗ ಏನೇನ್ ಇರ್ತದವ್ವ?”

ಹೇಳಿದೆ. ಫೆಂಟಾನಿಲ್ ಅಂದರೇನು ಎಂದರು. ಅಫೀಮಿನ ಬಳಗದ್ದು, ಆದರೆ ಸ್ವಲ್ಪವೇ ಹಾಕುತ್ತೇವೆ, ಹೆದರಬೇಡಿ ಎಂದೆ. ಅವರ ಹತ್ತಿರ ಸುಳ್ಳು ಹೇಳಿ ನನಗೆ ರೂಢಿಯಿಲ್ಲ.

“ಅಮಲು ಬರ್ತದೇನು?”

“ಬಂದ್ರ ಒಂದೀಟು ನಿದ್ದಿ ಬಂದಂಗ ಆಗ್ತದರಿ. ನೋವು ಇರಂಗಿಲ್ಲ.”

ಅವರು ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿಕೊಂಡು “ಆಗ್ಲಿ ಬಿಡು, ನೀ ಇದ್ದೀಯಲ್ಲ” ಎಂದರು. ನಾನು ಒಪ್ಪಿಗೆ ಸಿಕ್ಕಿತು ಎಂದುಕೊಂಡು ಎದ್ದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಬೆಳ್ಳಿಯ ಕರಡಿಗೆ ಬಿಚ್ಚಿಸಿ, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದ್ದೆ, ಮೈಯಿಂದ ಬೇರೆಯಾಗಬಾರದು ಎಂದು. ಸರ್ಜನ್ನರು ನನ್ನ ಮುಖ ನೋಡಿ ಬಿಟ್ಟುಕೊಟ್ಟರು. ನಳಿಕೆ ಕೂರಿಸಿದ್ದು ನಾನಲ್ಲ, ನನ್ನ ಹಿರಿಯ ಸಹೋದ್ಯೋಗಿ. ಮನೆಯವರಿಗೆ ಸೂಜಿ ಚುಚ್ಚುವಾಗ ಕೈ ಸ್ಥಿರ ಇರುವುದಿಲ್ಲ. ಆದರೆ ವಾರ್ಡಿಗೆ ಬಂದ ಮೇಲೆ ನೋವಿನ ಲೆಕ್ಕ ನನ್ನದೇ. ಮೊದಲ ಸಂಜೆ ಕಾಕಾ ತಣ್ಣಗೆ ಮಲಗಿದ್ದರು. ಕೆಮ್ಮಿರಿ ಅಂದರೆ ಕೆಮ್ಮಿದರು. ನನಗೆ ಹೆಮ್ಮೆಯಾಯಿತು.

ಮಾರನೆಯ ಬೆಳಗ್ಗೆ ರೌಂಡ್ಸಿಗೆ ಬಂದರೆ ಮುಖ ಬಿಳಚಿಕೊಂಡಿತ್ತು. ಹಣೆಯ ಮೇಲೆ ಬೆವರು. ಉಸಿರು ಗಂಟಲಲ್ಲೇ ಆಡುತ್ತಿತ್ತು. ನೋವು ಎಷ್ಟು ಎಂದು ಕೇಳಿದರೆ “ಅಷ್ಟೇನಿಲ್ಲವ್ವ” ಎನ್ನುತ್ತಾ ಟವೆಲ್ಲಿನ ತುದಿ ಹಿಡಿದುಕೊಂಡರು. ಕೆಮ್ಮಿರಿ ಅಂದರೆ ಹೂಂ ಅಂದರೇ ಹೊರತು ಕೆಮ್ಮಲಿಲ್ಲ. ಹೊಟ್ಟೆಯ ಮೇಲ್ಭಾಗ ಕೊಯ್ದವರು ಕೆಮ್ಮದಿದ್ದರೆ ಕಫ ಶ್ವಾಸಕೋಶದ ಅಡಿಗೆ ಇಳಿದು ಕೂರುತ್ತದೆ. ವಯಸ್ಸಾದವರನ್ನು ಗಡ್ಡೆಗಿಂತ ಮೊದಲು ಅದೇ ಒಯ್ಯುತ್ತದೆ. ನಾನು ಪಂಪಿನ ವೇಗ ಹೆಚ್ಚಿಸಿದೆ. ಮಧ್ಯಾಹ್ನದ ಹೊತ್ತಿಗೆ ನೋವು ಇಳಿಯಿತು, ಜೊತೆಗೆ ರಕ್ತದೊತ್ತಡವೂ ಇಳಿಯಿತು. ಮತ್ತೆ ಕಡಿಮೆ ಮಾಡಿದೆ. ಸಂಜೆಗೆ ಎಲ್ಲ ಸರಿ. ಮರುದಿನ ಬೆಳಗ್ಗೆ ಮತ್ತೆ ಅದೇ ಬಿಳಿ ಮುಖ, ಅದೇ ಟವೆಲ್ಲು.

ನನಗೆ ತಲೆ ಕೆಟ್ಟುಹೋಯಿತು. ಪಕ್ಕದ ಹಾಸಿಗೆಯಲ್ಲಿ ಕನ್ನಡ ತಾಲೂಕಿನ ರೈತನೊಬ್ಬನಿದ್ದ. ಕನ್ನಡ ಅನ್ನುವುದು ಇಲ್ಲಿಂದ ಬಸ್ಸಿನಲ್ಲಿ ಹೋಗುವ ಊರು, ಅಲ್ಲಿ ಕನ್ನಡ ಬಲ್ಲವರು ಹುಡುಕಿದರೂ ಸಿಗುವುದಿಲ್ಲ. ಕಾಕಾನಿಗೆ ಆ ಊರಿನ ಹೆಸರೇ ಒಂದು ತಮಾಷೆಯಾಗಿತ್ತು. ಆ ಮನುಷ್ಯನಿಗೂ ಅದೇ ಔಷಧ, ಅದೇ ಅಳತೆ, ಕೊಯ್ದದ್ದೂ ಹೆಚ್ಚುಕಡಿಮೆ ಅದೇ ಜಾಗ. ಅವನು ಬೆಳಗ್ಗೆ ಎದ್ದು ಕೂತು ಎಲ್ಲರಿಗೂ ಕತೆ ಹೇಳುತ್ತಿದ್ದ. ಹಾಗಿದ್ದರೆ ಕಾಕಾನಿಗೆ ಏನಾಗಿದೆ? ನಳಿಕೆ ಸರಿದಿದೆಯೇ ಎಂದು ಬೆನ್ನು ನೋಡಿದೆ, ಇದ್ದಲ್ಲೇ ಇತ್ತು. ಔಷಧವೇ ಸಪ್ಪೆಯೇ? ನಾಸಿಕದ ಬುಪಿವಕೇನ್ ಮಿಶ್ರಣವೇ ಗಟ್ಟಿಯೇನೋ, ಹೊಸದಕ್ಕೆ ಮಾರುಹೋಗಿ ಕೆಟ್ಟೆವೇನೋ ಎಂದು ನಳಿಕೆ ಕೂರಿಸಿದ ಹಿರಿಯ ಸಹೋದ್ಯೋಗಿಯ ಜೊತೆ ವಾದಕ್ಕೂ ಬಿದ್ದೆ. ಅವರು “ಸಂಜೆ ಕೆಲಸ ಮಾಡುವ ಔಷಧ ಬೆಳಗ್ಗೆ ಯಾಕೆ ಮಾಡಲ್ಲ, ಅದನ್ನು ಹೇಳು” ಎಂದು ಬಾಯಿ ಮುಚ್ಚಿಸಿದರು.

ಉತ್ತರ ಸಿಕ್ಕಿದ್ದು ಶೇಂದ್ರಾದ ಕಾರ್ಖಾನೆಯಿಂದ ಬಂದ ಒಂದು ಕೈ ನಜ್ಜುಗುಜ್ಜಾದ ಕೇಸಿನಿಂದ. ಅದಕ್ಕಾಗಿ ನನ್ನನ್ನು ನಸುಕಿಗೇ ಕರೆಸಿದ್ದರು. ಮುಗಿಸಿಕೊಂಡು, ಸೂರ್ಯ ಹುಟ್ಟಿದ ಮೇಲೆ, ಹೇಗೂ ಬಂದಿದ್ದೇನಲ್ಲ ಎಂದು ಕಾಕಾನ ವಾರ್ಡಿನ ಪರದೆ ಸರಿಸಿದೆ.

ಕಾಕಾ ಕೂತಿದ್ದರು. ಬೆನ್ನ ಹಿಂದೆ ಕಾಕು ದಿಂಬು ಹಿಡಿದು ತಾನೇ ಗೋಡೆಯಾಗಿ ನಿಂತಿದ್ದಳು. ಹಣೆಯ ಮೇಲೆ ಹಸಿ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ದವಡೆ ಬಿಗಿದುಕೊಂಡು, ಬೆವರು ಇಳಿಯುತ್ತಿದ್ದರೂ ರೆಪ್ಪೆ ಮುಚ್ಚದೆ ಲಿಂಗವನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ವಾರ್ಡಿನ ಸಿಸ್ಟರ್ ಕೈಮುಗಿದು ನಿಂತಿದ್ದಳು. ಪಂಪಿನ ಮೇಲೆ ಹಳದಿ ದೀಪ ಮಿಣುಕುತ್ತಿತ್ತು, ನಿಲ್ಲಿಸಿದ್ದಾರೆ ಎಂಬ ಗುರುತು.

ಮೈಯೆಲ್ಲ ಉರಿದುಹೋಯಿತು. ಆದರೂ ಒಂದು ಮಾತೂ ಆಡಲಿಲ್ಲ. ಪೂಜೆಯ ನಡುವೆ ಬಾಯಿ ಬಿಡಬಾರದು ಎಂದು ಬೆಳೆದವಳು ನಾನು. ಎಷ್ಟು ಓದಿದರೂ ಆ ಭಯ ಹೋಗಿಲ್ಲ. ಅವರು ಮುಗಿಸುವ ತನಕ ಪರದೆ ಹಿಡಿದುಕೊಂಡೇ ನಿಂತಿದ್ದು, ಆಮೇಲೆ ಪಂಪು ಹಚ್ಚಿ, ಸಿಸ್ಟರನ್ನು ಹೊರಗೆ ಕರೆದೆ.

ಉದಗೀರ ಕಡೆಯ ಹುಡುಗಿ, ನಮ್ಮವಳೇ, ಮನೆಯಲ್ಲಿ ಕನ್ನಡ ಆಡುವವಳು. ಯಾರನ್ನು ಕೇಳಿ ನಿಲ್ಲಿಸಿದೆ ಎಂದು ಗದರಿದೆ.

“ಅಪ್ಪಾರು ಕೇಳಿದ್ರು ಮೇಡಂ. ಅಮಲಿನಾಗ ಲಿಂಗ ಮುಟ್ಟಬಾರ್ದು, ನಸುಕಿನ್ಯಾಗ ಬಂದ್ ಮಾಡು, ಪೂಜಿ ಆದ ಮ್ಯಾಲ ಚಾಲೂ ಮಾಡು ಅಂದ್ರು. ನನ್ನ ಅಜ್ಜನ ವಯಸ್ಸಿನವ್ರು, ಕೊರಳಾಗ ಲಿಂಗ ಅದ. ನಾ ಹ್ಯಾಂಗ್ ಒಲ್ಲೆ ಅನ್ಲಿರಿ?”

“ನನಗ ಯಾಕ್ ಹೇಳ್ಲಿಲ್ಲ?”

“ಮಗಳಿಗಿ ಗೊತ್ತಾದ್ರ ಬೇಜಾರ್ ಮಾಡ್ಕೋತಾಳ ಅಂದ್ರು.”

ಬೇರೆ ಯಾವ ಸಿಸ್ಟರ್ ಆಗಿದ್ದರೂ ಸಾಧ್ಯವಿಲ್ಲ ಅನ್ನುತ್ತಿದ್ದಳು. ನಮ್ಮವರು ಇದ್ದಾರೆ ಎಂದು ಧೈರ್ಯ ಪಡುವ ಊರಿನಲ್ಲಿ ನಮ್ಮವರೇ ಸಿಕ್ಕಿ ಕೆಡಿಸಿದ್ದರು. ಕಾಕುಗೂ ಎಲ್ಲ ಗೊತ್ತಿತ್ತು. ಆ ಕನ್ನಡದ ರೈತನಿಗೂ ಗೊತ್ತಿತ್ತಂತೆ. ಗೊತ್ತಿಲ್ಲದೆ ಔಷಧದ ಜಾತಕ ನೋಡುತ್ತಾ ಕೂತವಳು ಭೂಲ್ ಡಾಕ್ಟರು ಒಬ್ಬಳೇ. ಒಮ್ಮೆ ತಪ್ಪಿಸಿಕೊಂಡ ನೋವನ್ನು ಮತ್ತೆ ಹಿಡಿಯುವುದು ಸುಲಭವಲ್ಲ. ಹಿಡಿದು ಕಟ್ಟುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಹಾಗೆ ಹೋದ ಹೊತ್ತಿನಲ್ಲೆಲ್ಲ ಅವರು ಕೆಮ್ಮಿರಲಿಲ್ಲ.

ಕಾಕಾನ ಹತ್ತಿರ ಹೋಗಿ ಕೂತೆ. ಜೋರು ಮಾಡಬೇಕೆಂದೇ ಕೂತದ್ದು.

“ಹಿಂಗ ಮಾಡಿದ್ರ ನೀವು ಉಳಿಯಂಗಿಲ್ರಿ ಕಾಕಾ.”

“ಸಿಟ್ಟಾಗಬ್ಯಾಡವ್ವ. ಕುಡದವ್ನು ಮುಟ್ಟಿದಂಗ ಆಗ್ತದ, ಅದಕ್ಕ.”

“ಇದು ಕುಡಿಯೂದಲ್ರಿ, ಔಷಧ.”

“ಔಷಧನೇ. ಆದ್ರ ನಿನ್ನಿ ಸಂಜಿಕ ತೂಕಡಿಸಿದ್ದು ನಾನೇ ಅಲ್ಲ? ಅಂಥಾ ಕಣ್ಣಿಲೇ ಅದನ್ನ ನೋಡ್ಲಿಕ್ಕೆ ನನ್ನ ಮನಸ್ಸು ಒಪ್ಪಂಗಿಲ್ಲ.” ಆಮೇಲೆ, ಮಾಲಿಗೆ ಬದಲು ಮಾಲು ಕೇಳುವ ದನಿಯಲ್ಲಿ, “ಆ ಅಫೀಮ ಒಂದು ತೆಗೆದುಬಿಡು. ಉಳದದ್ದು ಹಚ್ಚು. ನಾ ಮತ್ತ ಬಂದ್ ಮಾಡ್ಸೂದಿಲ್ಲ.”

ಫೆಂಟಾನಿಲ್ ಬದಲು ಬೆರೆಸಬಹುದಾದ ಬೇರೆ ಔಷಧಗಳಿವೆ. ಒಂದರ ಹೆಸರು ಹೇಳಿದೆ. ಅದು ಅಫೀಮಿನ ಬಳಗದ್ದಲ್ಲ ಎಂದೆ.

“ತಲಿಗಿ ಏರ್ತದೇನು?”

ಏರುವುದಿಲ್ಲ ಎಂದಿದ್ದರೆ ನಂಬುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ನಂಬುವ ಮನುಷ್ಯ. ಅದೇ ನನ್ನ ಬಾಯಿ ಕಟ್ಟಿತು. “ಸ್ವಲ್ಪ ನಿದ್ದಿ ತರ್ತದರಿ” ಎಂದೆ.

“ಹಂಗಾದ್ರ ಅದೂ ಬ್ಯಾಡ.”

ನಾನು ಕಂಡಂತೆ ಕಾಕಾ ಬದುಕಿನಲ್ಲಿ ನೇರವಾಗಿ ಬೇಡ ಅಂದದ್ದು ಅದೊಂದೇ ಸಲ.

ರೋಪಿವಕೇನ್ ಒಂಟಿಯಾಗಿ ಹಚ್ಚಿದೆವು. ಜೊತೆಗೆ ರಕ್ತನಾಳದಲ್ಲಿ ಪ್ಯಾರಾಸಿಟಮಾಲ್. ಯಾವುದು ಮೇಲು ಎಂದು ಇಷ್ಟು ವರ್ಷ ಹೋಲಿಸಿದ್ದೆನಲ್ಲ, ಈಗ ಮೂರನೆಯದನ್ನು ನನ್ನ ಕಾಕಾನ ಮೈಮೇಲೆ ನೋಡಿದೆ. ನೋವು ನಿಲ್ಲುವಷ್ಟು ಕೊಟ್ಟರೆ ಒತ್ತಡ ಕುಸಿದು ಕಣ್ಣು ಕತ್ತಲೆ. ಒತ್ತಡ ಉಳಿಯುವಷ್ಟು ಕೊಟ್ಟರೆ ಕೆಮ್ಮುವಾಗ ಚಾಕು ಆಡಿಸಿದ ಹಾಗೆ. ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿಕೊಂಡು ತಳ್ಳಿದೆವು. ಕಾಲು ಮರದ ತುಂಡಿನ ಹಾಗೆ ಆಗಿ, ಎದ್ದು ಓಡಾಡಿಸುವುದು ಕನಸಾಯಿತು. ಒಬ್ಬನೇ ಹಮಾಲ, ದೊಡ್ಡ ಮೂಟೆ. ಆದರೆ ಬೆಳಗ್ಗೆ ಪೂಜೆಗೆ ಕಾಕು ಬೆನ್ನಿಗೆ ನಿಂತರೆ ಕೂರುತ್ತಿದ್ದರು, ತಲೆ ತಿಳಿಯಾಗಿರುತ್ತಿತ್ತು, ಪಂಪೂ ಓಡುತ್ತಿತ್ತು. ಮುಗಿಸಿ ನನ್ನನ್ನು ನೋಡಿ ನಗುತ್ತಿದ್ದರು. ನನಗೆ ಆ ನಗುವಿನ ಮೇಲೂ ಸಿಟ್ಟು ಬರುತ್ತಿತ್ತು.

ಆಮೇಲೆ ಜ್ವರ ಬಂತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಅಡಿ ಬೆಳ್ಳಗೆ ಕಂಡಿತು. ಅದು ಪಂಪು ನಿಲ್ಲಿಸಿದ ಬೆಳಗುಗಳಲ್ಲಿ ಕೂತ ಕಫವೋ, ಆಮೇಲಿನದೋ, ಹೇಗಿದ್ದರೂ ಬರುವುದೇ ಇತ್ತೋ, ಯಾರೂ ಹೇಳಲಾರರು. ನಾನು ಮಾತ್ರ ಆ ಬೆಳಗುಗಳನ್ನೇ ದೂರುತ್ತೇನೆ. ಉಸಿರಿಗೆ ಬಲವಿಲ್ಲದೆ ಐಸಿಯುಗೆ ಒಯ್ದೆವು. ಗಂಟಲಿಗೆ ನಳಿಕೆ, ಪಕ್ಕದಲ್ಲಿ ಉಸಿರಾಡಿಸುವ ಯಂತ್ರ. ಆ ನಳಿಕೆಯನ್ನು ಎಚ್ಚರವಿದ್ದವರು ತಡೆಯಲಾರರು. ಅಲ್ಲಿನ ಡಾಕ್ಟರು ರಕ್ತನಾಳಕ್ಕೆ ಫೆಂಟಾನಿಲ್ ಹಚ್ಚಿದರು. ಕಾಕಾ ಮಲಗಿಬಿಟ್ಟರು, ಮುಖದ ಗಂಟೆಲ್ಲ ಬಿಚ್ಚಿತು. ಆಪರೇಷನ್ ಆದ ಮೊದಲ ಸಂಜೆಯ ನಂತರ ಅವರನ್ನು ಹಾಗೆ ಕಂಡಿರಲಿಲ್ಲ. ದೇವರಾಣೆ ನನಗೆ ಸಮಾಧಾನವಾಯಿತು.

ದಿನ ಕಳೆದಂತೆ ಮೂತ್ರಪಿಂಡ ಸೋತಿತು, ಒತ್ತಡ ಔಷಧಕ್ಕೂ ನಿಲ್ಲದಾಯಿತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಒಂದು ಬೆಳಗ್ಗೆ ಆ ಹಿರಿಯ ಸಹೋದ್ಯೋಗಿ ನನ್ನ ಭುಜ ಮುಟ್ಟಿ ಹೇಳಿದರು. ನಾನು ಅದನ್ನು ಕಾಕುಗೆ ಹೇಳಿದೆ. ಅವಳು ಅಳಲಿಲ್ಲ.

“ಈಗ ಅಮಲು ಹಾಕೀರೇನು?”

“ಹಾಕೀವಿ ಕಾಕು.”

“ಇಲ್ಲಿಗಿ ಬಂದ ಮ್ಯಾಲ ಪೂಜಿ ಆಗಿಲ್ಲ. ಒಂದೀಟು ಹೊತ್ತು ನಿಲ್ಲಸ್ತೀಯೇನವ್ವ? ಎಚ್ಚರ ಆದ್ರ ಮಾಡ್ಕೋತಾರ.”

ಆಗುವುದಿಲ್ಲ ಎಂಬ ಮಾತು ಬಾಯಿತುದಿಗೆ ಬಂದಿತ್ತು. ಇದೇ ಕೆಲಸಕ್ಕೆ ಆ ಉದಗೀರದ ಹುಡುಗಿ ಕಣ್ಣಲ್ಲಿ ನೀರು ತರಿಸಿಕೊಳ್ಳುವ ಹಾಗೆ ಗದರಿದ್ದೆ. ಐಸಿಯು ಡಾಕ್ಟರನ್ನು ಕೇಳಿದೆ. ಅವರು ನಿಮಗೆ ಬಿಟ್ಟದ್ದು ಎಂದರು. ನಾನೇ ಫೆಂಟಾನಿಲ್ಲಿನ ಪಂಪು ನಿಲ್ಲಿಸಿದೆ.

ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹುಬ್ಬು ಗಂಟಾಯಿತು, ಕಣ್ಣು ತೆರೆದರು. ಕಾಕು ಒದ್ದೆ ಬಟ್ಟೆಯಲ್ಲಿ ಅವರ ಕೈ ಒರೆಸಿ, ವಿಭೂತಿ ಹಚ್ಚಿ, ಕಿವಿಯ ಹತ್ತಿರ “ಪೂಜಿ” ಎಂದಳು. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟಳು. ಅವರು ಕೈ ಎದೆಯ ಮಟ್ಟಕ್ಕೆ ಎತ್ತಲು ನೋಡಿದರು, ಅರ್ಧಕ್ಕೇ ಜಾರಿತು. ನಾನು ಮಣಿಕಟ್ಟಿನ ಕೆಳಗೆ ಕೈ ಕೊಟ್ಟು ಹಿಡಿದೆ. ನನ್ನ ಇನ್ನೊಂದು ಕೈ ಪಂಪಿನ ಮೇಲಿತ್ತು. ಮಾನಿಟರಿನ ಮೇಲೆ ನಾಡಿಯ ಅಂಕಿ ಏರುತ್ತಾ ಹೋಯಿತು. ಆ ಅಂಕಿ ಏನು ಹೇಳುತ್ತಿದೆ ಎಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಸಾಕು ಮಾಡಿರಿ ಎಂದು ಕೂಗಬೇಕೆನಿಸಿತು. ಅವರು ರೆಪ್ಪೆ ಮುಚ್ಚದೆ ನೋಡುತ್ತಲೇ ಇದ್ದರು. ಕಾಕು ಒಂದು ಬಿಲ್ವದೆಲೆಯನ್ನು ಅವರ ಬಲಗೈ ಬೆರಳಿಗೆ ಕೊಟ್ಟಳು. ಅದು ಎರಡು ಸಲ ಹಾಸಿಗೆಯ ಮೇಲೆ ಬಿತ್ತು, ಮೂರನೆಯ ಸಲ ಲಿಂಗದ ಮೇಲೆ ಬಿತ್ತು.

ಕಾಕು ಲಿಂಗವನ್ನು ತಿರುಗಿ ಕೊರಳಿಗೆ ಕಟ್ಟಿದಳು. ಕಾಕಾ ನನ್ನನ್ನು ನೋಡಿದರು. ಆಮೇಲೆ ಪಂಪನ್ನು ನೋಡಿದರು. ಬಾಯಲ್ಲಿ ನಳಿಕೆ ಇದ್ದಂತೆಯೇ ಗದ್ದವನ್ನು ಒಂಚೂರು ಮೇಲೆತ್ತಿದರು, ಅಂಗಡಿಯಲ್ಲಿ ತೂಕ ಸರಿಹೋದ ಮೇಲೆ ಹಮಾಲನಿಗೆ ಎತ್ತುತ್ತಿದ್ದ ಹಾಗೆ.

ನಾನು ಬಟನ್ ಒತ್ತಿದೆ. ಮುಖ ಮತ್ತೆ ಸಡಿಲವಾಗುವ ತನಕ ಮಣಿಕಟ್ಟು ಹಿಡಿದೇ ನಿಂತಿದ್ದೆ. ಮಧ್ಯಾಹ್ನ ಅವರು ಹೋದರು.

ಹೊರಗೆ ಬೆಂಚಿನ ಮೇಲೆ ಕಾಕು ಆ ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತೆ. “ಪೂಜಿ ಆಗಿತ್ತಲ್ಲವ್ವ” ಎಂದಳು. ಆಗಿತ್ತು ಎಂದೆ. ಅಷ್ಟು ಹೊತ್ತೂ ಅವರಿಗೆ ಎಷ್ಟು ನೋಯುತ್ತಿತ್ತು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.